ಎಐ ಕೋಡಿಂಗ್ ಸಹಾಯಕ ನಿಯಮ ಮರೆಯುತ್ತಿದ್ದದ್ದು ಸರಿಹೋದ ಬಗೆ
ಎನ್‌ಪಿಎಂ ಬೇಡ, ಪಿಎನ್‌ಪಿಎಂ ಬಳಸು (ಎರಡೂ ಜಾವಾಸ್ಕ್ರಿಪ್ಟ್ ಪ್ಯಾಕೇಜ್ ಇನ್‌ಸ್ಟಾಲ್ ಮಾಡುವ ಟೂಲ್‌ಗಳು) ಎಂದು ಕ್ಲಾಡ್ ಕೋಡ್ ಎಂಬ ಎಐ ಸಹಾಯಕನಿಗೆ ಮೊದಲೇ ಹೇಳಿದ್ದರೂ, ಸೆಷನ್ ಉದ್ದವಾದಂತೆ ಮತ್ತೆ ಎನ್‌ಪಿಎಂ ಕಮಾಂಡೇ ಬರುತ್ತಿತ್ತು. ಕಾರಣ ಇಷ್ಟೆ: ಕಾಂಟೆಕ್ಸ್ಟ್, ಅಂದರೆ ಸಹಾಯಕ ಒಮ್ಮೆಗೆ ಗಮನದಲ್ಲಿಟ್ಟುಕೊಳ್ಳಬಲ್ಲ ಜಾಗ, ತುಂಬುತ್ತಾ ಬಂದಾಗ ಹಳೆಯ ಮಾತುಕತೆ ತಾನಾಗಿ ಸಾರಾಂಶವಾಗುತ್ತದೆ, ಸಣ್ಣ ಸೂಚನೆಗಳು ಅಲ್ಲೇ ಕಳೆದುಹೋಗುತ್ತವೆ. ಕ್ಲಾಡ್ ಕೋಡ್‌ನಲ್ಲಿ ಎಷ್ಟು ತುಂಬಿದೆ ಎಂಬುದನ್ನು ಸ್ಲ್ಯಾಶ್ ಕಾಂಟೆಕ್ಸ್ಟ್ (/context) ಕಮಾಂಡ್ ತೋರಿಸುತ್ತದೆ.

ಸ್ಲ್ಯಾಶ್ ಇನಿಟ್ (/init) ಕಮಾಂಡ್ ಕೊಟ್ಟರೆ ಪ್ರಾಜೆಕ್ಟ್ ಫೋಲ್ಡರಿನಲ್ಲಿ ಕ್ಲಾಡ್ ಡಾಟ್ ಎಂಡಿ (CLAUDE.md) ಫೈಲ್ ತಯಾರಾಗುತ್ತದೆ. ನಿಯಮವನ್ನು ಅದರಲ್ಲಿ ಬರೆದ ಮೇಲೆ ತೊಂದರೆ ನಿಂತಿತು. ಪ್ರತಿ ಸೆಷನ್ನಿನ ಆರಂಭದಲ್ಲೂ ಆ ಫೈಲ್ ಲೋಡ್ ಆಗುತ್ತದೆ. ಚಿಕ್ಕದಾಗಿಯೇ ಇಡಿ, ಅದೂ ಕಾಂಟೆಕ್ಸ್ಟಿನಲ್ಲಿ ಜಾಗ ಹಿಡಿಯುತ್ತದೆ.

ಬೇರೆ ಕೆಲಸಕ್ಕೆ ಹೊರಳುವಾಗ ಹಳೆಯ ಮಾತುಕತೆ ತೆಗೆದುಹಾಕುವ ಸ್ಲ್ಯಾಶ್ ಕ್ಲಿಯರ್ (/clear) ಕೊಡಿ. ಅದೇ ಕೆಲಸ ಮುಂದುವರಿಸುವುದಾದರೆ ಮಾತುಕತೆಯನ್ನು ಸಾರಾಂಶ ಮಾಡುವ ಸ್ಲ್ಯಾಶ್ ಕಾಂಪ್ಯಾಕ್ಟ್ (/compact), ಅದರ ಮುಂದೆಯೇ ಏನನ್ನು ಉಳಿಸಬೇಕು ಎಂಬ ಒಂದು ಸಾಲು. ಈ ಸಾಲನ್ನು ಬಹಳ ಮಂದಿ ಬರೆಯುವುದೇ ಇಲ್ಲ, ನಿಜವಾದ ಉಪಯೋಗ ಇರುವುದು ಅದರಲ್ಲೇ.