ಬ್ರಿಟನ್ ಬಜೆಟ್‌ನಲ್ಲಿ ಕಪ್ಪು, ಏಷ್ಯನ್ ಮಹಿಳೆಯರಿಗೆ ಸಿಕ್ಕಿದ್ದೆಷ್ಟು? ಲೆಕ್ಕ ಹಾಕುವುದು ಹೀಗೆ

ಬ್ರಿಟನ್‌ನಲ್ಲಿ ಬಜೆಟ್ ಮಂಡನೆಯಾದ ಸಂಜೆಯೇ ‘ಸರಾಸರಿ ಕುಟುಂಬಕ್ಕೆ ಇಷ್ಟು ಲಾಭ’ ಎಂಬ ಪಟ್ಟಿಗಳು ಬಂದುಬಿಡುತ್ತವೆ. ಬಾಂಗ್ಲಾದೇಶಿ ಮೂಲದ ತಾಯಿಯೊಬ್ಬಳನ್ನು ಅದರಲ್ಲಿ ಹುಡುಕಿ, ಸಿಗುವುದಿಲ್ಲ. ಸಂಬಳ ಬಿಟ್ಟು ಬೇರೇನೂ ಕೇಳದ ಆನ್‌ಲೈನ್ ಕ್ಯಾಲ್ಕುಲೇಟರುಗಳೂ ಈ ಕೆಲಸಕ್ಕೆ ಬಾರವು.

ಮೊದಲು, ಐದಾರು ವರ್ಷದ ತೆರಿಗೆ ಮತ್ತು ಸರ್ಕಾರ ಕೊಡುವ ಭತ್ಯೆಗಳ ಬದಲಾವಣೆಗಳನ್ನು ಒಟ್ಟಿಗೆ ಇಟ್ಟುಕೊಳ್ಳಿ. ಒಂದೇ ಬಜೆಟ್ ಸಾಲದು.

ಆಮೇಲೆ ತೆರಿಗೆ. ಜನ ಎಡವುವುದೇ ಇಲ್ಲಿ. ತೆರಿಗೆ ಇಲ್ಲದ ಆದಾಯದ ಮಿತಿ 2010–11ರಲ್ಲಿ 6,475 ಪೌಂಡ್ ಇತ್ತು. 2019–20ಕ್ಕೆ 12,500 ಆಯಿತು. ಬಡವರಿಗೆ ಒಳ್ಳೆಯದೇ ಅಲ್ವಾ ಅನ್ನಿಸುತ್ತದೆ. ಕೂಡಿ ಕಳೆದು ನೋಡಿ. ದರ ಶೇ 20. ವರ್ಷಕ್ಕೆ 30,000 ಪೌಂಡ್ ದುಡಿಯುವವರಿಗೆ ಉಳಿದದ್ದು 1,205. ಅರೆಕಾಲಿಕ ಕೆಲಸದಲ್ಲಿ 9,000 ದುಡಿಯುವವಳಿಗೆ 505. 6,000 ದುಡಿಯುವವಳಿಗೆ ಸೊನ್ನೆ, ಯಾಕೆಂದರೆ ಅವಳು ಮೊದಲೂ ಆದಾಯ ತೆರಿಗೆ ಕಟ್ಟುತ್ತಿರಲಿಲ್ಲ. ಆದರೆ 2011ರ ಜನವರಿಯಲ್ಲಿ ವ್ಯಾಟ್ ಶೇ 17.5ರಿಂದ 20ಕ್ಕೆ ಏರಿದಾಗ ಅವಳಿಗೂ ಬಿಸಿ ತಟ್ಟಿತು. ಪಾಕಿಸ್ತಾನಿ, ಬಾಂಗ್ಲಾದೇಶಿ ಮೂಲದ ಮಹಿಳೆಯರಲ್ಲಿ ಸಂಬಳದ ಕೆಲಸದಲ್ಲಿರುವವರೇ ಕಡಿಮೆ. ಹಾಗಾಗಿ ಪ್ರತಿ ಮೊತ್ತದ ಪಕ್ಕ ‘ಇದು ಯಾರ ಕೈಗೆ?’ ಎಂದು ಬರೆಯಲೇಬೇಕು.

ಭತ್ಯೆಗಳ ಲೆಕ್ಕ ಸುಲಭ. 2016ರಿಂದ 2020ರವರೆಗೆ ದುಡಿಯುವ ವಯಸ್ಸಿನವರ ಬಹುತೇಕ ಭತ್ಯೆಗಳನ್ನು ಏರಿಸಲಿಲ್ಲ. ಬೆಲೆ ಏರುವಾಗ ಏರದ ಭತ್ಯೆ ಕಡಿತವೇ. ಸುಮ್ನೆ ನಷ್ಟದ ಕಾಲಂಗೆ ಹಾಕಿ. 2017ರಲ್ಲಿ ಬಂದ, ಮೂರನೇ ಮಗುವಿನಿಂದ ಹೆಚ್ಚಿನ ಹಣ ಕೊಡದ ‘ಎರಡು ಮಕ್ಕಳ ಮಿತಿ’ಯೂ ಅಲ್ಲಿಗೇ. ಅದು ಜಾರಿಯಲ್ಲಿದ್ದಾಗ ಮಕ್ಕಳು ಜಾಸ್ತಿ ಇದ್ದ ಮನೆಗಳಿಗೆ ಪೆಟ್ಟು ಬಿತ್ತು.

ಇನ್ನು ಮನೆಯೊಳಗಿನ ಹಂಚಿಕೆ. ಕಡಿಮೆ ಆದಾಯದವರಿಗೆ ಸರ್ಕಾರ ಕೊಡುವ ಯುನಿವರ್ಸಲ್ ಕ್ರೆಡಿಟ್ ಎಂಬ ಭತ್ಯೆಯ ಹಣ ದಂಪತಿಗೆ ಸಾಮಾನ್ಯವಾಗಿ ಒಂದೇ ಖಾತೆಗೆ ಬರುತ್ತದೆ. ಗಂಡ ಹೆಂಡತಿಗೆ ಅರ್ಧರ್ಧ ಎಂದು ಹಂಚಿ ಕೈತೊಳೆದುಕೊಳ್ಳಬೇಡಿ. ಎರಡು ಸಲ ಲೆಕ್ಕ ಹಾಕಿ: ಒಮ್ಮೆ ಸಮಪಾಲು, ಇನ್ನೊಮ್ಮೆ ಮಕ್ಕಳ ಹೆಸರಿನ ಹಣವೆಲ್ಲ ತಾಯಿಯದು ಎಂದು. ಎರಡೂ ಉತ್ತರಗಳನ್ನು ಕೊಡಿ.

ಕೋಷ್ಟಕದಲ್ಲಿ ‘ಏಷ್ಯನ್’ ಎಂಬ ಒಂದೇ ಸಾಲು ನನಗಂತೂ ಬೇಡವೇ ಬೇಡ. ಭಾರತೀಯ ಮೂಲದವರ ಸಂಪಾದನೆ ಬಾಂಗ್ಲಾದೇಶಿಯರ ಬಡತನವನ್ನು ಮುಚ್ಚಿಬಿಡುತ್ತದೆ. ಕುಟುಂಬಗಳ ಆದಾಯದ ಸಮೀಕ್ಷೆಯಲ್ಲಿ ಒಂದು ಗುಂಪಿನವರು ತೀರಾ ಕಡಿಮೆ ಇದ್ದರೆ ಮೂರು ವರ್ಷದ ಸಮೀಕ್ಷೆಗಳನ್ನು ಸೇರಿಸಿಕೊಳ್ಳಿ.

ಬಜೆಟ್‌ಗಳನ್ನು ಮಹಿಳೆಯರ ದೃಷ್ಟಿಯಿಂದ ಪರಿಶೀಲಿಸುವ ವಿಮೆನ್ಸ್ ಬಜೆಟ್ ಗ್ರೂಪ್ ಮತ್ತು ಜನಾಂಗೀಯ ಸಮಾನತೆಯ ಸಂಸ್ಥೆ ರನ್ನಿಮೀಡ್ ಟ್ರಸ್ಟ್ 2017ರಲ್ಲಿ ಹೀಗೆ ಬಿಡಿಸಿ ನೋಡಿದಾಗಲೇ, ಬಡ ಕುಟುಂಬಗಳ ಕಪ್ಪು ಮತ್ತು ಏಷ್ಯನ್ ಮಹಿಳೆಯರಿಗೆ ಹೆಚ್ಚು ಹೊಡೆತ ಬಿದ್ದದ್ದು ಕಂಡದ್ದು.

ಕೊನೆಗೆ ಸರ್ಕಾರದ ಸಮಾನತೆ ವರದಿ ತೆಗೆಯಿರಿ. ಸಮಾನತೆಯನ್ನು ಗಮನದಲ್ಲಿಡಬೇಕು ಎಂದು 2010ರ ಸಮಾನತೆ ಕಾಯ್ದೆಯ ಸೆಕ್ಷನ್ 149 ಹೇಳುತ್ತದೆ. ಆ ವರದಿಯಲ್ಲಿ ಮಹಿಳೆಯರು ಒಂದು ಪುಟ, ಜನಾಂಗ ಇನ್ನೊಂದು ಪುಟ ಆಗಿದ್ದರೆ ನಿಮ್ಮ ಕೋಷ್ಟಕವನ್ನೂ ಲಗತ್ತಿಸಿ ನಿಮ್ಮ ಸಂಸದರಿಗೆ ಕಳಿಸಿ.