ಬೇರೆ ಸ್ಟೇಟಿನ ಎಲ್ಕ್ ಟ್ಯಾಗ್‌ಗೆ ಮೊದಲ ಸಲ ಅರ್ಜಿ ಹಾಕುವವರಿಗೆ

ಅಮೆರಿಕದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯನ್ನು ಬೇಟೆಯಾಡಲು ಟ್ಯಾಗ್ ಬೇಕು, ಅಂದರೆ ಒಂದು ಪ್ರಾಣಿ ಹೊಡೆಯುವ ಪರವಾನಗಿ. ಅರ್ಜಿ ತೆಗೆದುಕೊಂಡು ಡ್ರಾ ಮಾಡಿ ಅದನ್ನು ಹಂಚುತ್ತಾರೆ. ಬೇಟೆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಅರ್ಜಿ ಮಾತ್ರ ಚಳಿಗಾಲದಲ್ಲೇ. ವಯೋಮಿಂಗ್‌ನಲ್ಲಿ ಹೊರಗಿನವರ (ಆ ಸ್ಟೇಟಿನಲ್ಲಿ ವಾಸವಿಲ್ಲದವರ) ಎಲ್ಕ್ ಅರ್ಜಿ ಫೆಬ್ರವರಿ ಶುರುವಿಗೇ ಮುಗಿಯುತ್ತದೆ, ಮೊಂಟಾನಾದ್ದು ಏಪ್ರಿಲ್ 1, ಕೊಲೊರಾಡೊದ್ದು ಏಪ್ರಿಲ್ ಮೊದಲ ವಾರದ ಆಸುಪಾಸು. ಆಗಸ್ಟಿನಲ್ಲಿ ನೆನಪಾದರೆ ಡ್ರಾದಲ್ಲಿ ಮಿಕ್ಕ ಟ್ಯಾಗೇ ಗತಿ.

ಮೊದಲು ಹಂಟರ್ ಎಜುಕೇಶನ್ ಕಾರ್ಡ್ (ಬೇಟೆಯ ಸುರಕ್ಷತೆ ಕಲಿತ ಪ್ರಮಾಣಪತ್ರ) ಮಾಡಿಸಿಕೊಳ್ಳಿ. ಕೊಲೊರಾಡೊದಲ್ಲಿ 1949ರ ಜನವರಿ 1ರಿಂದ ಈಚೆಗೆ ಹುಟ್ಟಿದವರಿಗೆ, ವಯೋಮಿಂಗ್‌ನಲ್ಲಿ 1966ರಿಂದ ಈಚೆಗೆ ಹುಟ್ಟಿದವರಿಗೆ ಅದು ಬೇಕೇ ಬೇಕು. ಒಂದು ಸ್ಟೇಟಿನ ಕಾರ್ಡ್ ಬೇರೆ ಸ್ಟೇಟುಗಳಲ್ಲೂ ನಡೆಯುತ್ತದೆ. ಎಚ್-1ಬಿಯಲ್ಲಿರುವ ನಮ್ಮವರು ಇನ್ನೊಂದು ವಿಷಯ ಗಮನಿಸಿ. ಆ ವೀಸಾದವರು ಬಂದೂಕು ಇಟ್ಟುಕೊಳ್ಳುವುದಕ್ಕೆ ಫೆಡರಲ್ ಕಾನೂನು ಅಡ್ಡ ಬರುತ್ತದೆ, ಚಾಲ್ತಿಯಲ್ಲಿರುವ ಹಂಟಿಂಗ್ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಹಾಗಾಗಿ ಲೈಸೆನ್ಸ್ ಮೊದಲು, ರೈಫಲ್ ಆಮೇಲೆ. ನಿಮ್ಮ ವೀಸಾ ವಕೀಲರನ್ನೂ ಒಂದು ಮಾತು ಕೇಳಿ.

ಇನ್ನು ಪಾಯಿಂಟ್ ವ್ಯವಹಾರ, ಅಂದರೆ ವರ್ಷ ವರ್ಷ ಕೂಡಿಟ್ಟುಕೊಂಡು ಮುಂದಿನ ಡ್ರಾದಲ್ಲಿ ಆದ್ಯತೆ ಪಡೆಯುವ ಅಂಕ. ಹೊಸಬರು ತಲೆ ಕೆಡಿಸಿಕೊಳ್ಳುವುದೇ ಇಲ್ಲಿ. ಕೊಲೊರಾಡೊದಲ್ಲಿ ಜಾಸ್ತಿ ಪಾಯಿಂಟ್ ಇದ್ದವರಿಗೇ ಮೊದಲು ಟ್ಯಾಗ್. ವಯೋಮಿಂಗ್ ಹೊರಗಿನವರ ಎಲ್ಕ್ ಟ್ಯಾಗ್‌ಗಳಲ್ಲಿ 75% ಪಾಯಿಂಟ್ ನೋಡಿ ಕೊಟ್ಟು, ಉಳಿದ 25%ಕ್ಕೆ ಚೀಟಿ ಎತ್ತಿದ ಹಾಗೆ ಡ್ರಾ ಮಾಡುತ್ತದೆ, ಅಂದರೆ ಸೊನ್ನೆ ಪಾಯಿಂಟ್ ಇದ್ದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ನ್ಯೂ ಮೆಕ್ಸಿಕೊದಲ್ಲಿ ಪಾಯಿಂಟ್ ಎಂಬುದೇ ಇಲ್ಲ, ಆದರೆ ಗೈಡ್ ಇಲ್ಲದೆ ಬರುವ ಹೊರಗಿನವರಿಗೆ ಅಲ್ಲಿ ಮೀಸಲು ಬರೀ 6%.

ನನ್ನನ್ನು ಕೇಳಿದರೆ ಮೊದಲ ವರ್ಷ ದೊಡ್ಡ ಕೊಂಬಿನ ಗಂಡಿನ ಆಸೆ ಬಿಟ್ಟು ಹೆಣ್ಣು ಎಲ್ಕ್ ಟ್ಯಾಗ್ ಹುಡುಕಿ. ಬೆಟ್ಟ ಹತ್ತುವುದು, ಗಾಳಿ ನೋಡುವುದು, ಮಾಂಸ ಬೆನ್ನ ಮೇಲೆ ಹೊತ್ತು ತರುವುದು ಎಲ್ಲ ಅದರಲ್ಲೇ ಕಲಿಯಬಹುದು, ಅಲ್ವಾ? ಕೊಲೊರಾಡೊದಲ್ಲಿ ಇದಕ್ಕೊಂದು ಒಳ್ಳೆ ದಾರಿ ಇದೆ. ಅಲ್ಲಿ ಪ್ರತಿ ಬೇಟೆಗೂ ಒಂದು ಕೋಡ್. ಇ-ಎಫ್-012-ಒ1-ಆರ್ ಎಂದರೆ ಎಲ್ಕ್, ಹೆಣ್ಣು, ಯೂನಿಟ್ (ಬೇಟೆಯ ವಲಯ) 12, ಮೊದಲ ಸೀಸನ್, ರೈಫಲ್. ಕೊನೆಯ ಅಕ್ಷರ ಎ ಆದರೆ ಬಿಲ್ಲು, ಎಮ್ ಆದರೆ ಮಜಲ್‌ಲೋಡರ್ (ನಳಿಗೆಯ ಬಾಯಿಯಿಂದ ಮದ್ದು ತುಂಬುವ ಬಂದೂಕು). ಮೊದಲ ಆಯ್ಕೆಯಾಗಿ ಇ-ಪಿ-999-99-ಪಿ ಹಾಕಿದರೆ ಬರೀ ಪಾಯಿಂಟ್ ಸಿಗುತ್ತದೆ. ಎರಡನೇ ಆಯ್ಕೆಯಾಗಿ ಸುಲಭವಾಗಿ ಸಿಗುವ ಹೆಣ್ಣು ಟ್ಯಾಗ್ ಹಾಕಿ. ಪಾಯಿಂಟ್ ಖರ್ಚಾಗುವುದು ಮೊದಲ ಆಯ್ಕೆ ಸಿಕ್ಕಾಗ ಮಾತ್ರ, ಹಾಗಾಗಿ ಪಾಯಿಂಟೂ ಬಂತು, ಬೇಟೆಯೂ ಆಯಿತು. ಕಳೆದ ವರ್ಷಗಳ ಡ್ರಾ ಫಲಿತಾಂಶ ಅಲ್ಲಿನ ವನ್ಯಜೀವಿ ಇಲಾಖೆಯ ಸೈಟಿನಲ್ಲೇ ಸಿಗುತ್ತದೆ. ಅದರಲ್ಲಿ ಹೊರಗಿನವರ ಕಾಲಂ ನೋಡಿ, ಸ್ಥಳೀಯರದ್ದು ನೋಡಿ ಸುಮ್ನೆ ಖುಷಿಪಡಬೇಡಿ.

ಗೆಳೆಯರ ಜೊತೆ ಗುಂಪಾಗಿ ಹಾಕುವುದಾದರೆ ಲೆಕ್ಕ ಬೇರೆ. ವಯೋಮಿಂಗ್ ಎಲ್ಲರ ಪಾಯಿಂಟಿನ ಸರಾಸರಿ ತೆಗೆಯುತ್ತದೆ, ಕೊಲೊರಾಡೊ ಗುಂಪಿನಲ್ಲಿ ಅತಿ ಕಡಿಮೆ ಇರುವವನದ್ದನ್ನೇ ಹಿಡಿಯುತ್ತದೆ. ಹತ್ತು ಪಾಯಿಂಟಿನವನು ಸೊನ್ನೆಯವನ ಜೊತೆ ಸೇರಿದರೆ ಗುಂಪಿಗೇ ಸೊನ್ನೆ. ಸ್ನೇಹ ಉಳಿಯಬೇಕಾದರೆ ಇದನ್ನು ಮೊದಲೇ ಮಾತಾಡಿಕೊಳ್ಳಿ.

ದುಡ್ಡಿನ ವಿಷಯ. ವಯೋಮಿಂಗ್‌ನಲ್ಲಿ ಹೊರಗಿನವರ ಸಾಮಾನ್ಯ ಎಲ್ಕ್ ಟ್ಯಾಗ್ 692 ಡಾಲರ್, ಸ್ಪೆಷಲ್ ಅಂತ (ಜಾಸ್ತಿ ದುಡ್ಡಿನ ಬೇರೆ ಡ್ರಾಗೆ) ಹಾಕಿದರೆ 1,950. ಇದು 2024ರಿಂದಿರುವ ದರ, ಹಾಕುವ ಮುಂಚೆ ಇನ್ನೊಮ್ಮೆ ನೋಡಿಕೊಳ್ಳಿ. ಕೊಲೊರಾಡೊದಲ್ಲಿ ಅರ್ಜಿಗೆ ಮುಂಚೆಯೇ ಕ್ವಾಲಿಫೈಯಿಂಗ್ ಲೈಸೆನ್ಸ್ (ಅರ್ಜಿ ಹಾಕಲು ಅರ್ಹತೆ ಕೊಡುವ ಬೇರೊಂದು ಲೈಸೆನ್ಸ್) ಕೊಳ್ಳಬೇಕು, ಟ್ಯಾಗ್ ಬರದಿದ್ದರೂ ಆ ದುಡ್ಡು ವಾಪಸ್ ಇಲ್ಲ. ಡ್ರಾ ಆದಮೇಲೆ ಟ್ಯಾಗಿನ ದುಡ್ಡು ಕಾರ್ಡಿನಿಂದ ಕಡಿತವಾಗುತ್ತದೆ. ಕಾರ್ಡಿನ ಅವಧಿ ಮುಗಿದಿದ್ದು ಗಡುವಿನೊಳಗೆ ಕಟ್ಟದಿದ್ದರೆ ಕೈಗೆ ಬಂದ ಟ್ಯಾಗ್ ಹೋದಂತೆಯೇ.

ಯೂನಿಟ್ ಆರಿಸುವಾಗ ಮ್ಯಾಪ್ ತೆರೆದು ಸಾರ್ವಜನಿಕ ಜಮೀನು ಎಷ್ಟಿದೆ, ಅದಕ್ಕೆ ರಸ್ತೆ ಇದೆಯಾ ಎಂದು ನೋಡಿ. ಸುತ್ತ ಖಾಸಗಿ ಜಮೀನಿದ್ದು ನಡುವೆ ಸರ್ಕಾರಿ ಕಾಡು ಇದ್ದರೆ ಪ್ರಯೋಜನವಿಲ್ಲ. ವಯೋಮಿಂಗ್‌ನ ವೈಲ್ಡರ್‌ನೆಸ್ ಎಂದು ಕಾನೂನಿನಲ್ಲಿ ಗುರುತಿಸಿದ ಕಾಡು ಪ್ರದೇಶದಲ್ಲಂತೂ ಹೊರಗಿನವರು ದೊಡ್ಡ ಪ್ರಾಣಿಗಳ ಬೇಟೆಗೆ ಒಬ್ಬರೇ ಹೋಗುವಂತಿಲ್ಲ. ಲೈಸೆನ್ಸ್ ಇರುವ ಗೈಡ್ ಬೇಕು, ಇಲ್ಲವೇ ಅದಕ್ಕೆಂದೇ ಪುಕ್ಕಟೆ ಅನುಮತಿ ಪಡೆದ ಸ್ಥಳೀಯರೊಬ್ಬರು ಜೊತೆಗಿರಬೇಕು.

ಏನೂ ಸಿಗದಿದ್ದರೆ ಕೊಲೊರಾಡೊದಲ್ಲಿ ಮಿಕ್ಕ ಟ್ಯಾಗ್‌ಗಳ ಪಟ್ಟಿ ಆಗಸ್ಟ್ ಶುರುವಿನಲ್ಲಿ ಮಾರಾಟಕ್ಕೆ ಬರುತ್ತದೆ. ಮೊದಲೇ ಲಾಗಿನ್ ಆಗಿ, ಬೇಕಾದ ಕೋಡ್‌ಗಳನ್ನು ಕಾಗದದಲ್ಲಿ ಬರೆದಿಟ್ಟುಕೊಂಡು ಕೂತಿರಿ.