ಪದ ಒಂದೇ ಸಾಲದು, ಅದರ ಜೊತೆಗಾರರೂ ಬೇಕು

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಮೊನ್ನೆ ತನ್ನ ಇಂಗ್ಲಿಷ್ ನೋಟ್‌ಬುಕ್ ತಂದು ತೋರಿಸಿದಳು. ಪ್ರತಿ ಪುಟದ ನಡುವೆ ಸ್ಕೇಲಿಟ್ಟು ಗೆರೆ ಎಳೆದಿದ್ದಾಳೆ. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಅರ್ಥ. ಮುತ್ತಿನಂಥ ಅಕ್ಷರ. ನಲವತ್ತು ಪುಟ ತುಂಬಿತ್ತು.

“ಡಿಸಿಷನ್ ಅಂದರೆ ಏನಮ್ಮಾ?” ಎಂದು ಕೇಳಿದೆ.

“ನಿರ್ಧಾರ, ಮಿಸ್” ಅಂದಳು ತಟ್ಟನೆ.

“ಒಂದು ವಾಕ್ಯ ಮಾಡು ನೋಡೋಣ.”

ತುಂಬ ಹೊತ್ತು ಯೋಚಿಸಿದಳು. ಕೊನೆಗೆ “ಐ ಡಿಡ್ ಎ ಡಿಸಿಷನ್” ಅಂದಳು.

ಅವಳ ಲೆಕ್ಕ ಸರಿಯಾಗಿಯೇ ಇತ್ತು. ಕನ್ನಡದಲ್ಲಿ ನಾವು ನಿರ್ಧಾರವನ್ನೂ ‘ಮಾಡು’ತ್ತೇವೆ, ಹೋಂವರ್ಕನ್ನೂ ‘ಮಾಡು’ತ್ತೇವೆ, ಸ್ನಾನವನ್ನೂ ‘ಮಾಡು’ತ್ತೇವೆ. ಇಂಗ್ಲಿಷಿನಲ್ಲಿ ಡಿಸಿಷನ್‌ಗೆ ‘ಮೇಕ್’ ಬೇಕು, ಹೋಂವರ್ಕ್‌ಗೆ ‘ಡೂ’ ಬೇಕು, ಸ್ನಾನಕ್ಕೆ ‘ಟೇಕ್’ ಬೇಕು. ನಲವತ್ತು ಪುಟ ಬರೆದ ಮಗುವಿಗೆ ಇದನ್ನು ಯಾರೂ ಹೇಳಿರಲಿಲ್ಲ. ನನಗೆ ನಿಜವಾಗಿಯೂ ಬೇಜಾರಾಯಿತು. ಅಷ್ಟು ಶ್ರಮಕ್ಕೆ ಜಾಸ್ತಿ ಫಲ ಸಿಗಬೇಕಿತ್ತು. ಅದು ಸಿಗುವ ದಾರಿ ಇಲ್ಲಿದೆ.

ಮೊದಲು ಯಾವ ಪದ?

ದೊಡ್ಡ ದೊಡ್ಡ ಪದ ಬೇಡ. ಢಾಕಾದಲ್ಲಿ ಬಂಗಾಳಿ ಮಕ್ಕಳ ಇಂಗ್ಲಿಷ್ ಕಲಿಕೆಯ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಮೈಕಲ್ ವೆಸ್ಟ್ ಎಂಬ ಶಿಕ್ಷಣತಜ್ಞರು 1953ರಲ್ಲಿ ಒಂದು ಪಟ್ಟಿ ಹೊರತಂದರು. ಅದರಲ್ಲಿರುವುದು ಸುಮಾರು 2000 ಮೂಲ ಪದಗಳು. ಸಾಮಾನ್ಯ ಇಂಗ್ಲಿಷ್ ಬರಹದ ನೂರು ಪದಗಳಲ್ಲಿ ಹತ್ತಿರ ಹತ್ತಿರ ಎಂಬತ್ತು ಈ ಪದಗಳು ಮತ್ತು ಅವುಗಳ ರೂಪಗಳೇ. ‘ಟೇಕ್’, ‘ಗಿವ್’, ‘ಕೀಪ್’, ‘ಟರ್ನ್’ ಇಂಥವು. ಇವು ಕೈಗೆ ಬಾರದೆ ಕಷ್ಟದ ಪದ ಕಲಿತರೆ ಸುಮ್ನೆ ಭಾರ.

ದಿನಕ್ಕೆ ಐದು ಪದ ಸಾಕು. ಶಾಲೆ ನಡೆಯುವ 200 ದಿನ ಹಿಡಿದರೂ ವರ್ಷಕ್ಕೆ 1000 ಆಯಿತು. ಎರಡು ವರ್ಷಕ್ಕೆ ವೆಸ್ಟ್ ಅವರ ಪಟ್ಟಿ ಮುಗಿಯಿತು.

ಕನ್ನಡವೇ ನಿಮ್ಮ ಬಂಡವಾಳ

ಕನ್ನಡ ಮಾಧ್ಯಮದ ಮಕ್ಕಳು ತಮ್ಮ ಕೈಯಲ್ಲಿ ಏನೂ ಇಲ್ಲ ಅಂದುಕೊಂಡಿರುತ್ತಾರೆ. ಈ ಮಾತನ್ನು ನಾನು ಒಪ್ಪುವುದೇ ಇಲ್ಲ. ವಿಜ್ಞಾನದ ಪಾಠವನ್ನೇ ತೆಗೆದುಕೊಳ್ಳಿ. ದೂರವಾಣಿ, ದೂರದರ್ಶನ, ದೂರದರ್ಶಕ. ಮೂರರಲ್ಲೂ ‘ದೂರ’ ಇದೆ. ಟೆಲಿಫೋನ್, ಟೆಲಿವಿಷನ್, ಟೆಲಿಸ್ಕೋಪ್. ಮೂರರಲ್ಲೂ ‘ಟೆಲಿ’ ಇದೆ. ಗ್ರೀಕಿನ ‘ಟೆಲಿ’ ಅಂದರೆ ದೂರ ಅಂತಲೇ ಅರ್ಥ. ಕನ್ನಡದ ಹೆಸರು ಗೊತ್ತಿದ್ದ ಮಗುವಿಗೆ ಇಂಗ್ಲಿಷ್ ಪದದ ಒಳಗುಟ್ಟು ಆಗಲೇ ಗೊತ್ತು, ಅಲ್ವಾ? ‘ದ್ಯುತಿಸಂಶ್ಲೇಷಣೆ’ಯನ್ನು ಬಿಡಿಸಿ ಓದಿದವರಿಗೆ ‘ಫೋಟೋಸಿಂಥೆಸಿಸ್’ ಕೂಡ ಬೆಳಕು, ಕೂಡಿಸುವುದು ಎಂದೇ ಬಿಚ್ಚಿಕೊಳ್ಳುತ್ತದೆ.

ಇನ್ನೂ ಹತ್ತಿರದ ನಂಟೂ ಇದೆ. ತ್ರಿಕೋನದ ‘ತ್ರಿ’ ಮತ್ತು ಟ್ರಯಾಂಗಲ್‌ನ ‘ಟ್ರೈ’ ಒಂದೇ ಬೇರಿನವು. ಪಾದಕ್ಕೂ ಸೈಕಲ್ಲಿನ ಪೆಡಲ್‌ಗೂ, ದಂತಕ್ಕೂ ಡೆಂಟಿಸ್ಟ್‌ಗೂ, ದಶಕ್ಕೂ ಡಿಸೆಂಬರ್‌ಗೂ ಇದೇ ಸಂಬಂಧ. ಹಳೆಯ ರೋಮನ್ನರ ವರ್ಷ ಮಾರ್ಚ್‌ನಿಂದ ಶುರುವಾಗುತ್ತಿತ್ತು, ಹಾಗಾಗಿ ಡಿಸೆಂಬರ್ ಹತ್ತನೆಯ ತಿಂಗಳು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಎಂದು ಕಲ್ಕತ್ತೆಯಲ್ಲಿ ನ್ಯಾಯಾಧೀಶರಾಗಿದ್ದ ವಿಲಿಯಂ ಜೋನ್ಸ್ 1786ರಲ್ಲಿ ಅಲ್ಲೇ ಹೇಳಿದ್ದರು. ಆ ಸಂಸ್ಕೃತದ ಪದಗಳು ನಮ್ಮ ಮಾತಿನಲ್ಲಿ ದಿನವೂ ಓಡಾಡುತ್ತವೆ. ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಇಂಥ ಜೋಡಿಗಳನ್ನು ಕೂಡಿಸುತ್ತಾ ಹೋಗಿ.

ಒಂದು ಎಚ್ಚರ. ನಮ್ಮಲ್ಲಿ ನೆಲೆಸಿದ ಕೆಲವು ಇಂಗ್ಲಿಷ್ ಪದಗಳ ಅರ್ಥ ಬದಲಾಗಿದೆ. ನಾವು ದೋಸೆ ತಿನ್ನಲು ‘ಹೋಟೆಲ್’ಗೆ ಹೋಗುತ್ತೇವೆ. ಬೇರೆ ಕಡೆಯ ಇಂಗ್ಲಿಷ್‌ನಲ್ಲಿ ಅದು ರೆಸ್ಟೋರೆಂಟ್. ಅಲ್ಲಿ ಹೋಟೆಲ್ ಅಂದರೆ ಉಳಿದುಕೊಳ್ಳುವ ಜಾಗ.

ಲಗ್ನಪತ್ರಿಕೆಯ ಕಾರ್ಡು

ಈಗ ನೆನಪಿನ ವಿಷಯ. ಕಲಿತದ್ದು ಮೊದಲ ಒಂದೆರಡು ದಿನದಲ್ಲೇ ಬೇಗ ಬೇಗ ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡು 1885ರಲ್ಲಿ ಬರೆದರು. ಹಾಗಾಗಿ ಒಂದೇ ದಿನ ಇಪ್ಪತ್ತು ಸಲ ಉರು ಹೊಡೆಯುವುದಕ್ಕಿಂತ ಬಿಡುವು ಕೊಟ್ಟು ಐದು ಸಲ ನೆನಪಿಸಿಕೊಳ್ಳುವುದು ಒಳ್ಳೆಯದು. ಇದಕ್ಕೆ ಸೆಬಾಸ್ಟಿಯನ್ ಲೈಟ್ನರ್ ಎಂಬುವರು 1970ರ ದಶಕದಲ್ಲಿ ಕಾರ್ಡ್ ಪೆಟ್ಟಿಗೆಯ ಉಪಾಯ ಹೇಳಿಕೊಟ್ಟರು.

ಮನೆಯಲ್ಲಿ ಹಳೆಯ ಲಗ್ನಪತ್ರಿಕೆಗಳು ಇದ್ದೇ ಇರುತ್ತವೆ. ಖಾಲಿ ಇರುವ ಭಾಗವನ್ನು ಇಸ್ಪೀಟ್ ಎಲೆಯಷ್ಟು ಅಗಲಕ್ಕೆ ಕತ್ತರಿಸಿ. ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಇಂಗ್ಲಿಷ್. ಎಚ್ಚರ ಇರಲಿ, ಒಂಟಿ ಪದ ಬರೆಯಬೇಡಿ. ‘ನಿರ್ಧಾರ’ ಬೇಡ, ‘ನಿರ್ಧಾರ ಮಾಡಿದೆ’ ಇರಲಿ. ಹಿಂದೆ ‘ಐ ಮೇಡ್ ಎ ಡಿಸಿಷನ್’.

‘ಹಾಕು’ ಎಂಬ ಒಂದು ಪದಕ್ಕೇ ಎಷ್ಟೊಂದು ಕಾರ್ಡು ಆಗುತ್ತವೆ ನೋಡಿ. ಲೈಟ್ ಹಾಕು, ‘ಸ್ವಿಚ್ ಆನ್’. ಬಾಗಿಲು ಹಾಕು, ‘ಕ್ಲೋಸ್’. ಚಪ್ಪಲಿ ಹಾಕಿಕೋ, ‘ಪುಟ್ ಆನ್’. ಸಹಿ ಹಾಕು, ಬರೀ ‘ಸೈನ್’. ಗಿಡಕ್ಕೆ ನೀರು ಹಾಕು ಅನ್ನಲು ‘ವಾಟರ್’ ಪದವೇ ಕ್ರಿಯಾಪದ ಆಗಿಬಿಡುತ್ತದೆ, ‘ವಾಟರ್ ದ ಪ್ಲಾಂಟ್ಸ್’.

ಮೂರು ಡಬ್ಬಿ ಇಟ್ಟುಕೊಳ್ಳಿ. ಹೊಸ ಕಾರ್ಡು ಮೊದಲ ಡಬ್ಬಿಗೆ, ಅದನ್ನು ದಿನವೂ ನೋಡಬೇಕು. ಸರಿ ಹೇಳಿದ ಕಾರ್ಡು ಎರಡನೆಯದಕ್ಕೆ ಹೋಗುತ್ತದೆ, ಅದು ಮೂರು ದಿನಕ್ಕೊಮ್ಮೆ. ಅಲ್ಲೂ ಸರಿಯಾದರೆ ಮೂರನೆಯದಕ್ಕೆ, ವಾರಕ್ಕೊಮ್ಮೆ. ಎಲ್ಲಿ ತಪ್ಪಿದರೂ ಮತ್ತೆ ಮೊದಲ ಡಬ್ಬಿಗೆ.

ಇಂಗ್ಲಿಷ್ ಬಾರದ ಅಪ್ಪ ಅಮ್ಮಂದಿರಿಗೂ ಇದರಲ್ಲಿ ಕೆಲಸ ಇದೆ. ರೊಟ್ಟಿ ಬೇಯಿಸುತ್ತಲೇ ಅಮ್ಮ ಕನ್ನಡದ ಬದಿ ಓದಿದರೆ ಆಯಿತು. ಮಗು ಇಂಗ್ಲಿಷಿನಲ್ಲಿ ಹೇಳಿ, ತಾನೇ ತಿರುವಿ ನೋಡಿಕೊಳ್ಳುತ್ತದೆ. ತಪ್ಪಾದರೆ ಗದರಬೇಡಿ, ದಯವಿಟ್ಟು. ಗದರಿಸಿಕೊಂಡ ಮಗು ಮಾರನೇ ದಿನ ಬಾಯಿ ಬಿಡುವುದಿಲ್ಲ.

ಒಂದೇ ಸುದ್ದಿ, ಎರಡು ಪತ್ರಿಕೆ

ಓದುವುದಕ್ಕೆ ಕ್ರಿಕೆಟ್ ಸುದ್ದಿ ತುಂಬ ಒಳ್ಳೆಯದು. ನಿನ್ನೆಯ ಪಂದ್ಯದ ವರದಿಯನ್ನು ಮೊದಲು ಕನ್ನಡ ಪತ್ರಿಕೆಯಲ್ಲಿ ಓದಿ. ಆಮೇಲೆ ಅದೇ ಪಂದ್ಯದ ಇಂಗ್ಲಿಷ್ ವರದಿ ಹಿಡಿಯಿರಿ. ಯಾರು ಗೆದ್ದರು, ಎಷ್ಟು ರನ್, ಎಲ್ಲ ಮೊದಲೇ ಗೊತ್ತಿರುವುದರಿಂದ ಹೊಸ ಪದದ ಅರ್ಥ ಅರ್ಧ ತಾನಾಗಿಯೇ ಹೊಳೆಯುತ್ತದೆ. ಹೊಳೆಯದಿದ್ದಕ್ಕೆ ಮಾತ್ರ ನಿಘಂಟು ನೋಡಿ. ಅಲ್ಲಿ ಮೊದಲ ಅರ್ಥಕ್ಕೇ ನಿಲ್ಲದೆ ಉದಾಹರಣೆಯ ವಾಕ್ಯವನ್ನೂ ಓದಿ. ಮೊಬೈಲ್ ನಿಘಂಟಾದರೆ ಸ್ಪೀಕರ್ ಗುರುತು ಒತ್ತಿ ಉಚ್ಚಾರಣೆ ಕೇಳಿಸಿಕೊಳ್ಳಿ. ‘ವೆಜಿಟೇಬಲ್’ ಎಂದು ಓದಿಕೊಂಡವರಿಗೆ ಅಲ್ಲಿ ‘ವೆಜ್‌ಟಬಲ್’ ಎಂದು ಕೇಳಿಸುತ್ತದೆ.

ಆ ಹುಡುಗಿಯ ನೋಟ್‌ಬುಕ್ ಹಾಗೇ ಇದೆ. ಅದರಿಂದಲೇ ದಿನಕ್ಕೆ ಐದೈದು ಪದ ಆರಿಸಿ ಕಾರ್ಡು ಮಾಡುತ್ತಿದ್ದಾಳೆ. ಹೋದ ಸೋಮವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಕನ್ನಡದ ಬದಿ ಮಾತ್ರ ಬರೆದ ಒಂದು ಕಾರ್ಡು.

“ಮಿಸ್, ರಂಗೋಲಿ ಹಾಕು ಅನ್ನೋಕೆ ಏನು?”

“ಡ್ರಾ” ಅಂದೆ. ಅಲ್ಲೇ ಗೋಡೆಗೆ ಕಾರ್ಡು ಒತ್ತಿಟ್ಟು ಬರೆದುಕೊಂಡಳು.